ಬಾಜೂಕ ನಿಂತ ಫೋಟೊ

ನಮ್ಮ ಕಡೆ ಆಗ ಕ್ಯಾಮೆರಾ ಕಂಡರೆ ಸಾಕು, ಜನ ಸೆಟೆದು ನಿಲ್ಲುತ್ತಿದ್ದರು. ಅಲ್ಲಿಯವರೆಗೆ ನಗುತ್ತ, ಬೈಯುತ್ತ ಬದನೆಕಾಯಿ ತೂಗುತ್ತಿದ್ದವರು ಥಟ್ಟನೆ ಮುಖ ಬಿಗಿದುಕೊಂಡು, ಎರಡೂ ಕೈ ತೊಡೆಗೆ ಅಂಟಿಸಿ, ಗ್ರೂಪ್ ಫೋಟೊಕ್ಕೆ ನಿಂತ ಹೈಸ್ಕೂಲು ಮಾಸ್ತರರಾಗಿಬಿಡುತ್ತಿದ್ದರು. "ತಡೀರಿ ಸರ, ಟೊಪಗಿ ಹಾಕ್ಕೊಂಡು ಬರ್ತೀನಿ" ಎಂದು ಮನೆಗೆ ಓಡಿದವರೂ ಉಂಟು. ಅರ್ಧ ಮೈ ತೆಗೆದರೆ ಅವರಿಗೆ ಸಿಟ್ಟು. "ನನ್ನ ಕಾಲ ಎಲ್ಲಿ ಕಡದ ಒಗದ್ರಿ?" ಎಂದು ಜಗಳಕ್ಕೇ ಬರುತ್ತಿದ್ದರು.

ಎರಡು ಸಾವಿರದ ದಶಕದ ಮೊದಲ ವರ್ಷಗಳವು. ಕಾಗವಾಡದ ಕಚೇರಿಯೊಂದರಲ್ಲಿ ನನಗೆ ನೌಕರಿ. ಮಿರಜಿನಲ್ಲಿ ಒಂದು ಹಳೆಯ ರೀಲ್ ಕ್ಯಾಮೆರಾ, ಅದರ ತಲೆಗೆ ಸಿಕ್ಕಿಸುವ ಫ್ಲ್ಯಾಶ್ ಕೊಂಡಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾನೂ ಅಷ್ಟೇ. ಅಥಣಿ, ರಾಯಬಾಗ, ಚಿಕ್ಕೋಡಿ ಎನ್ನದೆ ಸಂತೆಯ ದಿನ ನೋಡಿ ಬಸ್ಸು ಹತ್ತುತ್ತಿದ್ದೆ. ಕಂಪೋಸಿಷನ್ ಎಂಬ ಪದ ಬೇರೆ ಕಲಿತಿದ್ದೆ. ಮನುಷ್ಯರಿಗಿಂತ ಅವರ ನಡುವಿನ ಖಾಲಿ ಜಾಗವೇ ಮುಖ್ಯ ಎಂದು ಚಹಾದಂಗಡಿಯಲ್ಲಿ ಗೆಳೆಯರ ತಲೆ ತಿನ್ನುತ್ತಿದ್ದೆ.

ಒಂದು ರೀಲಿಗೆ ಮೂವತ್ತಾರೇ ಫೋಟೊ. ಸೆಟೆದು ನಿಂತವರಿಗಾಗಿ ಒಂದನ್ನೂ ಕಳೆಯಲು ನನಗೆ ಮನಸ್ಸಿರಲಿಲ್ಲ. ಅದಕ್ಕೊಂದು ಉಪಾಯ ಹುಡುಕಿದ್ದೆ. ಫ್ಲ್ಯಾಶಿನ ಹಿಂದೆ ಪುಟ್ಟದೊಂದು ಗುಂಡಿ ಇರುತ್ತದೆ. ಅದನ್ನೊತ್ತಿದರೆ ಬೆಳಕು ಮಾತ್ರ ಹೊಡೆಯುತ್ತದೆ, ಫೋಟೊ ಬೀಳುವುದಿಲ್ಲ. ನಿಂತವರಿಗೆ ಹಾಗೊಮ್ಮೆ ಬೆಳಕು ತೋರಿಸಿ, "ಆತ್ರಿ, ಚಲೋ ಬಂತು" ಎನ್ನುತ್ತಿದ್ದೆ. ಅವರು ಮೈ ಸಡಿಲಿಸಿ ತಮ್ಮ ಕೆಲಸಕ್ಕೆ ತಿರುಗಿದೊಡನೆ ನಿಜವಾದ ಫೋಟೊ ತೆಗೆಯುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಜುಗೂಳದಿಂದ ಪ್ರತಿವಾರ ಕಾಗವಾಡಕ್ಕೆ ಬದನೆಕಾಯಿ ಮಾರಲು ಮುದುಕ ಮುದುಕಿ ಬರುತ್ತಿದ್ದರು. ಎಲ್ಲರಿಗೂ ಅವರು ಮುತ್ಯಾ ಮತ್ತು ಆಯಿ. ಮುತ್ಯಾ ಕೊಡೆ ಹಿಡಿದು ಮುಂದೆ, ಆಯಿ ಬುಟ್ಟಿ ಹೊತ್ತು ಹತ್ತು ಮಾರು ಹಿಂದೆ. ಗಂಡನ ಸಮಕ್ಕೆ ಹೆಂಡತಿ ನಡೆಯುವ ರೂಢಿ ಆ ವಯಸ್ಸಿನವರಲ್ಲಿ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಹತ್ತು ಮಾರಿನ ಖಾಲಿ ರಸ್ತೆ.

ಒಂದು ಬೆಳಿಗ್ಗೆ ಕ್ಯಾಮೆರಾ ಎತ್ತಿದೆ. ಆಯಿ ಕಂಡುಬಿಟ್ಟಳು. ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು ಗಂಡನನ್ನು ಕೂಗಿದಳು.

"ಬರ್ರಿ ಇಲ್ಲೆ. ಒಂದ ಸಲ ಬಾಜೂಕ ನಿಂದರ್ರಿ. ಮಂದಿ ಏನ್ ತಿನ್ನೂದಿಲ್ಲ."

ಮುತ್ಯಾ ಅತ್ತಿತ್ತ ನೋಡಿದ. ಗೊಣಗುತ್ತಲೇ ಬಂದು ಪಕ್ಕದಲ್ಲಿ ನಿಂತ. ನಾನು ರಸ್ತೆಯ ಮೇಲಿನ ಬಿಸಿಲು ಅಳೆಯುತ್ತಲೇ ಆ ಗುಂಡಿ ಒತ್ತಿದೆ. ಬೆಳಕು ಹೊಡೆಯಿತು. ಇಬ್ಬರೂ ಮತ್ತೆ ಮೊದಲಿನಂತೆ ಒಬ್ಬರ ಹಿಂದೊಬ್ಬರು ನಡೆದರು, ನಾನು ನನ್ನ ಫೋಟೊ ತೆಗೆದೆ. ಅಂಚಿಗೊಂದು ಕೊಡೆ, ಅಂಚಿಗೊಂದು ಬುಟ್ಟಿ, ನಡುವೆ ಬರೀ ರಸ್ತೆ. ದೊಡ್ಡದು ಮಾಡಿಸಿ ಖೋಲಿಯ ಗೋಡೆಗೆ ಹಾಕಿದೆ. ನೋಡಿದವರೆಲ್ಲ ಹೊಗಳಿದರು.

ಫೋಟೊ ಬಂತೇನು ಎಂದು ಆಯಿ ಸಂತೆಯಲ್ಲಿ ಎರಡು ಮೂರು ಸಲ ಕೇಳಿದಳು. ರೀಲು ಇನ್ನೂ ಮುಗಿದಿಲ್ಲ ಎಂದು ಸಾಗಹಾಕಿದೆ. ಮುಂದಿನ ಮಳೆಗಾಲದಲ್ಲಿ ಮುತ್ಯಾ ತೀರಿಕೊಂಡ. ತಿಂಗಳೊಪ್ಪತ್ತಿನ ಮೇಲೆ ಆಯಿ ವಿಚಾರಿಸಿಕೊಂಡು ನನ್ನ ಖೋಲಿಗೇ ಬಂದಳು. ಗೋಡೆಯ ಮೇಲಿದ್ದದ್ದನ್ನೇ ಇಳಿಸಿ ಅವಳ ಕೈಗಿತ್ತೆ. ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಇದರಾಗ ಅವರು ಮುಂದ, ನಾ ಹಿಂದ. ಜನ್ಮ ಪೂರ್ತಿ ಹಿಂಗ ನಡದೀನಿ, ತಮ್ಮಾ. ಬಾಜೂಕ ನಿಂತಿದ್ದು ಅದೊಂದ ಸಲ. ಅದನ್ನ ಕೊಡು."

ತೆಗೆಯಲೇ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ರೀಲಿಗೆ ಬಿಸಿಲು ಬಿದ್ದು ಅದೊಂದು ಕೆಟ್ಟುಹೋಯಿತು ಎಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡು, ನೀ ಏನ್ ಮಾಡ್ತಿ" ಎಂದು ನನಗೇ ಸಮಾಧಾನ ಹೇಳಿದಳು.

ಈಗ ಎಲ್ಲರ ಕೈಯಲ್ಲೂ ಮೊಬೈಲು. ಯಾರೂ ಸೆಟೆಯುವುದಿಲ್ಲ, ಯಾರೂ ಟೊಪಗಿ ತರಲು ಓಡುವುದಿಲ್ಲ. ಅಂದು ಬೇಡವೆಂದು ಬಿಟ್ಟ ಆ ಬಿಗಿದ ಮುಖಗಳೇ ನನಗೆ ಇಂದು ಬೇಕು. ಒಂದೂ ನನ್ನ ಹತ್ತಿರ ಇಲ್ಲ.

ಆವತ್ತು ನನ್ನ ಖೋಲಿಯಿಂದ ಹೊರಡುವಾಗ ಆಯಿ ಹೊಸ್ತಿಲಲ್ಲಿ ನಿಂತಳು.

"ನಾ ನಿನ್ನ ಕ್ಯಾಮೆರಾ ನೋಡಾಕತ್ತಿದ್ನಿ, ಅವರ ಮಾರಿ ಕಾಣಲಿಲ್ಲ. ನೀ ನೋಡೀದಿ ಅಲ್ಲ? ನಗಾಕತ್ತಿದ್ರೇನು?"

ನಾನು ನೋಡಿದ್ದು ರಸ್ತೆಯನ್ನು.

"ನಗಾಕತ್ತಿದ್ರು, ಆಯಿ."

"ಹಲ್ಲ ಕಾಣಾಕತ್ತಿದ್ದುವೇನು?"

"ಕಾಣಾಕತ್ತಿದ್ದುವು" ಎಂದೆ.