ಮೋನಪ್ಪನ ಎಡಗಾಲು

ಘಾಟ್ಕೋಪರಿನ ಪೂರ್ವಕ್ಕೆ, ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಹದಿಮೂರು ಮಾಳಿಗೆಯ ಒಂದು ಬಿಲ್ಡಿಂಗಿದೆ. ಅದರ ನೆಲದಡಿಯ ಪಾರ್ಕಿಂಗಿನಲ್ಲಿ ಕಾರುಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ. ಹಿಂದಿನದು ಸರಿಯದೆ ಮುಂದಿನದು ಹೊರಬರಲಾರದು. ಆದ್ದರಿಂದ ಎಲ್ಲ ಕಾರುಗಳ ಚಾವಿಗಳೂ ವಾಚ್‌ಮನ್ನನ ಕ್ಯಾಬಿನ್ನಿನ ಹಲಗೆಯಲ್ಲಿ ತೂಗುತ್ತಿರುತ್ತವೆ. ಬೆಳಿಗ್ಗೆ ಮೊದಲು ಬಂದ ಡ್ರೈವರು ತನಗೆ ಅಡ್ಡವಿರುವ ಗಾಡಿಗಳನ್ನೆಲ್ಲ ತೆಗೆದು, ತನ್ನದನ್ನು ಹೊರತಂದು, ಉಳಿದವನ್ನು ಮತ್ತೆ ಒಳಗಿಟ್ಟು ಹೋಗಬೇಕು. ಯಾರ ಗಾಡಿಯನ್ನಾದರೂ ಯಾರಾದರೂ ಓಡಿಸಬಲ್ಲರು ಎಂಬುದು ಅಲ್ಲಿನ ಬರೆಯದ ಕಾನೂನು. ಹತ್ತೊಂಬತ್ತು ವರ್ಷ ಕಾಲ ಆ ಕಾನೂನಿನ ದರ್ಬಾರು ನಡೆಸಿದವನು ಮೋನಪ್ಪ.

ಅವನು ಬೆಳ್ಮಣ್ಣಿನ ಕಡೆಯವನು. ಹದಿನೆಂಟಕ್ಕೆ ಮಾಟುಂಗದ ಉಡುಪಿ ಹೋಟೆಲೊಂದನ್ನು ಸೇರಿ ಟೇಬಲ್ ಒರೆಸಿದ, ಇಡ್ಲಿಗೆ ರುಬ್ಬಿದ, ಇಪ್ಪತ್ತನಾಲ್ಕಕ್ಕೆ ಲೈಸೆನ್ಸ್ ಮಾಡಿಸಿಕೊಂಡ. ಎರಡು ಹೋಟೆಲುಗಳ ಮಾಲಕರಾದ ರಮಾನಾಥ ಶೆಟ್ಟರು ಈ ಬಿಲ್ಡಿಂಗಿನ ಏಳನೆಯ ಮಾಳಿಗೆಗೆ ಬಂದ ದಿನದಿಂದ ಅವರ ಕಾರು ಅವನ ಕೈಯಲ್ಲೇ ಇತ್ತು. ಈಗ ಅವನಿಗೆ ಐವತ್ತಾರು. ಹಿಂದಿನ ಸೀಟಿನಲ್ಲಿ ತೂಕಡಿಸುವ ಶೆಟ್ಟರಿಗೆ ಗೇರು ಬದಲಾದದ್ದು ತಿಳಿಯದಷ್ಟು ಮೆತ್ತಗೆ ಅವನು ಕ್ಲಚ್ಚು ಬಿಡುತ್ತಿದ್ದ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಕೋಲು ಮಾಡಿಕೊಂಡು ಉಳಿದವರ ಬೆನ್ನಿಗೆ ಹೊಡೆಯುವುದೂ ಗೊತ್ತಿತ್ತು. ಆಟೋಮ್ಯಾಟಿಕ್ ಕಾರನ್ನು ಅವನು ಸೋಫಾ ಎಂದು ಕರೆಯುತ್ತಿದ್ದ; ಕೈಕಾಲು ಇಲ್ಲದವರು ಕೂತು ಹೋಗುವ ಸೋಫಾ.

ತಿಲಕ್ ಎಂಬ ಮೂವತ್ತರ ಡ್ರೈವರು ಆಟೋಮ್ಯಾಟಿಕ್‌ನಲ್ಲೇ ಕಲಿತು ಬಂದವನು. ಅವನು ಕೆಲಸಕ್ಕೆ ಸೇರಿದ ವಾರದಲ್ಲೇ ಮೋನಪ್ಪ ಹಳೆಯ ಗೇರಿನ ಕಾರೊಂದರ ಚಾವಿಯನ್ನು ಅವನ ಕೈಗಿತ್ತು, ಪಾರ್ಕಿಂಗಿನ ಏರಿನ ಮಧ್ಯೆ ನಿಲ್ಲಿಸಿ ಮೇಲಕ್ಕೆ ಏರಿಸಲು ಹೇಳಿದ. ಗಾಡಿ ನಾಲ್ಕು ಸಲ ಆಫ್ ಆಯಿತು, ನಾಲ್ಕು ಸಲವೂ ಹಿಂದಕ್ಕೆ ಜಾರಿತು. ಡ್ರೈವರುಗಳು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಮೋನಪ್ಪ ವಾಚ್‌ಮನ್ನನಿಗೆ ಹಗ್ಗ ತರಲು ಹೇಳಿದ, ಎತ್ತು ಕಟ್ಟಿ ಎಳೆಸೋಣ ಎಂದು. ಆ ತಿಂಗಳೇ ತಿಲಕ್ ಬೇರೆ ಮನೆ ನೋಡಿಕೊಂಡ. ಅಂದು ಎಲ್ಲರಿಗಿಂತ ಹೆಚ್ಚು ನಕ್ಕವನು ಮೂರನೆಯ ಮಾಳಿಗೆಯವರ ಡ್ರೈವರು, ಯಾದಗಿರಿ ಕಡೆಯ ಭೀಮರಾಯ.

ಹೀಗಿದ್ದವನ ಎಡಗಾಲಿಗೆ ಎರಡು ವರ್ಷದ ಕೆಳಗೆ ಚಪ್ಪಲಿಯ ಮೊಳೆ ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲು. ಮೊಳೆ ಒಳಗೆ ಹೋದದ್ದು ಅವನಿಗೆ ತಿಳಿಯಲೇ ಇಲ್ಲ. ರಾತ್ರಿ ಹೆಂಡತಿ ವಾರಿಜಾ ಚಾಪೆಯ ಮೇಲಿನ ಕಲೆಯನ್ನು ನೋಡಿ ಹೇಳಿದ ಮೇಲೆ ತಿಳಿಯಿತು. ತಂಗಿಯ ಮಗಳ ಮದುವೆ ಎಂದು ಶೆಟ್ಟರಲ್ಲಿ ಇಪ್ಪತ್ತೈದು ದಿನ ರಜೆ ಕೇಳಿ ಮುನಿಸಿಪಾಲಿಟಿಯ ಆಸ್ಪತ್ರೆಯಲ್ಲಿ ಮಲಗಿದ. ಎರಡು ಬೆರಳು ತೆಗೆದರು. ಹೋದ ಬೆರಳುಗಳಿಗಿಂತ ದೊಡ್ಡ ನಷ್ಟ ಉಳಿದ ಪಾದದಲ್ಲಿತ್ತು: ಅದರ ಅಡಿ ಪೂರ್ತಿ ಸತ್ತಿತ್ತು. ಕ್ಲಚ್ಚು ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು ಎಂಬುದನ್ನು ಕಾಲು ಹೇಳುವುದನ್ನೇ ನಿಲ್ಲಿಸಿತು. ಕೆಲವು ತಿಂಗಳು ಅವನು ಎಂಜಿನ್ನಿನ ಸದ್ದಿನ ಮೇಲೆ ಕಿವಿಯಿಂದಲೇ ಗಾಡಿ ಓಡಿಸಿದ. ಆಮೇಲೆ ಅದೂ ಕೈಕೊಟ್ಟಿತು. ಒಂದು ಸಂಜೆ ಫ್ಲೈಓವರಿನ ಏರಿನಲ್ಲಿ ಕಾರು ಮೂರು ಸಲ ಆಫ್ ಆದಾಗ ಶೆಟ್ಟರು ಪೇಪರಿನಿಂದ ತಲೆಯೆತ್ತಿ, ನಿದ್ದೆಯೇನೋ ಮೋನಪ್ಪ, ಎಂದು ಕೇಳಿದರು.

ದಣಿಗಳಲ್ಲಿ ನಿಜ ಹೇಳಿಬಿಡಿ ಎಂದು ವಾರಿಜಾ ಎಷ್ಟೋ ಸಲ ಹೇಳಿದ್ದಳು. ಕುಂಟೆತ್ತಿಗೆ ಹುಲ್ಲು ಹಾಕುವವರು ಯಾರಿದ್ದಾರೆ ಎಂದು ಅವನು ಅವಳ ಬಾಯಿ ಮುಚ್ಚಿಸಿದ. ಶೆಟ್ಟರು ಹಳೆಯ ಕಾರು ಮಾರಿ ಹೊಸದನ್ನು ಕೊಳ್ಳುವ ಮಾತೆತ್ತಿದ್ದು ಅದೇ ದಿನಗಳಲ್ಲಿ. ಮೋನಪ್ಪ ಅವರ ಸೊಂಟನೋವನ್ನು ನೆನಪಿಸಿದ. ಈಗಿನ ಟ್ರಾಫಿಕ್ಕಿನಲ್ಲಿ ಗೇರಿನ ಗಾಡಿ ಎಷ್ಟು ಕುಲುಕುತ್ತದೆ ಎಂದು ವಿವರಿಸಿದ. ಬೇಕೆಂದೇ ಎರಡು ದಿನ ಕುಲುಕಿಸಿಯೂ ತೋರಿಸಿದ. ದಸರೆಯ ಹೊತ್ತಿಗೆ ಕ್ಲಚ್ಚಿಲ್ಲದ ಬಿಳಿ ಕಾರು ಬಂದು ನಿಂತಿತು.

"ಯಾಕ ಮೋನಪ್ಪಣ್ಣ, ಕಡೀಕ ನೀನೂ ಸೋಫಾನ ತಂದಿ?" ಎಂದು ಭೀಮರಾಯ ಎಲ್ಲರೆದುರು ಕೇಳಿದ.

"ದಣಿಗಳ ಸೊಂಟಕ್ಕೆ ತಂದದ್ದು ಮಾರಾಯ, ನನ್ನ ಸೊಂಟಕ್ಕಲ್ಲ," ಎಂದ ಮೋನಪ್ಪ. ಎಲ್ಲರೂ ನಕ್ಕರು, ಅವನೂ ನಕ್ಕ.

ನಗುವಿನಿಂದ ತೀರದ ಸಂಗತಿಯೊಂದಿತ್ತು. ಬೆಳಗಿನ ಹೊತ್ತು ಅಡ್ಡ ನಿಂತ ಗೇರಿನ ಗಾಡಿಗಳನ್ನು ತೆಗೆಯುವುದು ಅವನಿಂದ ಆಗುತ್ತಿರಲಿಲ್ಲ. ಬೇಕೆಂದೇ ತಡವಾಗಿ ಬರತೊಡಗಿದ. ಒಂದು ದಿನ ಕಂಬದ ಮರೆಯಲ್ಲಿ ಬೂಟು ಬಿಚ್ಚಿ, ಬೆರಳಿಲ್ಲದ ಜಾಗಕ್ಕೆ ಹತ್ತಿ ತುರುಕುತ್ತಿದ್ದಾಗ ಭೀಮರಾಯ ಎದುರಿಗೆ ಬಂದು ನಿಂತ. ನೋಡಿದ, ಹಾಗೇ ಮುಂದೆ ನಡೆದ. ಮರುದಿನದಿಂದ ಶೆಟ್ಟರ ಕಾರಿಗೆ ಅಡ್ಡವಿದ್ದುದನ್ನೆಲ್ಲ ಅವನೇ ತೆಗೆದಿಡತೊಡಗಿದ. ಪ್ರತಿಯಾಗಿ ದಿನಕ್ಕೊಂದು ಚಹಾ ಮೋನಪ್ಪನ ಲೆಕ್ಕದಲ್ಲಿ ಕುಡಿದ. ಎಲ್ಲರೆದುರು ಮೊದಲಿನಂತೆಯೇ ಕುಟುಕುತ್ತಿದ್ದ. ಆದರೆ ಕಾಲಿನ ಮಾತು ಅವನ ಬಾಯಿಂದ ಎಂದೂ ಹೊರಬೀಳಲಿಲ್ಲ.

ಕಷ್ಟ ಹುಟ್ಟಿದ್ದು ಶೆಟ್ಟರ ಮನೆಯೊಳಗೆ. ಸೊಸೆ ವಿಜೇತಾ ಮುಲುಂಡಿನಲ್ಲಿ ಹುಟ್ಟಿ ಬೆಳೆದವಳು, ಬ್ಯಾಂಕಿನಲ್ಲಿ ಕೆಲಸ. ಡ್ರೈವಿಂಗ್ ಸ್ಕೂಲಿಗೆ ಎರಡು ಸಲ ಸೇರಿ, ಎರಡು ಸಲವೂ ಕ್ಲಚ್ಚಿಗೆ ಸೋತು ಬಿಟ್ಟಿದ್ದಳು. ಲೈಸೆನ್ಸ್ ಹೇಗೋ ಕೈಗೆ ಬಂದಿತ್ತು, ವಿದ್ಯೆ ಬಂದಿರಲಿಲ್ಲ. ಹೊಸ ಕಾರು ನೋಡಿ ಅವಳಿಗೆ ಮತ್ತೆ ಆಸೆಯಾಯಿತು.

"ಅಂಕಲ್, ಇದ್ರಲ್ಲಿ ಕ್ಲಚ್ ಇಲ್ಲ ನಾ? ಈಗ ನನ್ಗೆ ಪಕ್ಕಾ ಬರ್ತದೆ. ನೀವು ಕಲಿಸಿ ಪ್ಲೀಸ್."

ಶೆಟ್ಟರು ಪಕ್ಕದಲ್ಲೇ ಇದ್ದರು. ಕಲಿಸು ಮೋನಪ್ಪ, ಅವಳು ಓಡಿಸುವ ಹಾಗಾದರೆ ನೀನೂ ಊರಿಗೆ ಹೋಗಿ ಆರಾಮಾಗಿ ಇರಬಹುದು, ಎಂದು ಪ್ರೀತಿಯಿಂದಲೇ ಹೇಳಿದರು. ತಾನು ಉಳಿಯುವುದಕ್ಕಾಗಿ ತರಿಸಿದ ಗಾಡಿಯೇ ತನ್ನನ್ನು ಹೊರಹಾಕುತ್ತದೆಂಬುದು ಮೋನಪ್ಪನಿಗೆ ಆ ಕ್ಷಣ ಹೊಳೆಯಿತು. ಗೇರಿನ ಗಾಡಿ ಕೊಡುವ ಬೇರೆ ಮನೆ ಅವನಿಗೆ ಬೇಡ. ಆಟೋಮ್ಯಾಟಿಕ್ ಇರುವ ಮನೆಗೆ ಐವತ್ತಾರರವನು ಬೇಡ. ಅವಳು ಕಲಿಯಬಾರದು. ಅಷ್ಟೇ ಅವನಿಗೆ ಬೇಕಾದದ್ದು.

ಮೊದಲ ದಿನ, ಬಿಲ್ಡಿಂಗಿನ ಹಿಂದಿನ ಖಾಲಿ ರಸ್ತೆಯಲ್ಲಿ, ಬೆಳಗಿನ ಆರೂವರೆಗೆ, ಅವನು ಅವಳಿಗೆ ಹೇಳಿದ: "ಬಲಗಾಲು ರೇಸಿಗೆ, ಎಡಗಾಲು ಬ್ರೇಕಿಗೆ. ಎರಡು ಪೆಡಲು, ಎರಡು ಕಾಲು. ಸರಳ ಅಲ್ವಾ ಅಕ್ಕ?"

ಸ್ಕೂಲಿನಲ್ಲಿ ಎರಡಕ್ಕೂ ಬಲಗಾಲೊಂದೇ ಎಂದಿದ್ದರಲ್ಲ ಎಂದು ಅವಳು ಕೇಳಿದಳು. ಅದು ಕ್ಲಚ್ಚಿನ ಗಾಡಿಯ ಲೆಕ್ಕ ಎಂದ ಮೋನಪ್ಪ. ಮೂವತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದವನ ಮಾತನ್ನು ಅವಳು ನಂಬಿದಳು.

ಆಟೋಮ್ಯಾಟಿಕ್ ಗಾಡಿಯಲ್ಲಿ ಎಡಗಾಲಿಗೆ ಕೆಲಸವಿಲ್ಲ, ಅದನ್ನು ಮಡಚಿ ಬದಿಗಿಡಬೇಕು ಎಂಬುದು ಅವನು ಅರಿಯದ ಮಾತಲ್ಲ. ಸ್ಕೂಲಿನಲ್ಲಿ ಅವಳ ಎಡಗಾಲು ಕಲಿತದ್ದು ಒಂದೇ ವಿದ್ಯೆ, ಪೆಡಲನ್ನು ನೆಲ ಮುಟ್ಟುವವರೆಗೆ ತುಳಿಯುವುದು. ಆ ಕಾಲನ್ನು ಬ್ರೇಕಿನ ಮೇಲಿಟ್ಟರೆ ಗಾಡಿ ಮೆಲ್ಲಗೆ ನಿಲ್ಲುವುದಿಲ್ಲ, ಗೋಡೆಗೆ ಹೊಡೆದಂತೆ ಗಕ್ಕನೆ ನಿಲ್ಲುತ್ತದೆ. ಹಾಗೆಯೇ ಆಯಿತು. ಮೊದಲ ತಿರುವಿನಲ್ಲೇ ಅವಳ ಎದೆ ಸ್ಟಿಯರಿಂಗಿಗೆ ಬಡಿಯಿತು. ಮೂರನೆಯ ದಿನ ಹಾಲಿನವನ ಸೈಕಲ್ಲಿನ ಹಿಂದೆ ಒಂದು ಗೇಣು ದೂರದಲ್ಲಿ ಗಾಡಿ ನಿಂತಾಗ ಅವಳು ಅತ್ತಳು. ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ ಅಕ್ಕ, ಬೇಸರ ಮಾಡಬೇಡಿ ಎಂದು ಮೋನಪ್ಪ ನೀರಿನ ಬಾಟಲಿ ಕೊಟ್ಟ.

ಬಿಡುತ್ತಾಳೆಂದು ಕಾದ. ಬಿಡಲಿಲ್ಲ. ದಿನದ ತಪ್ಪುಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಮರುದಿನ ಓದಿಕೊಂಡು ಬರುತ್ತಿದ್ದಳು. ಎರಡನೆಯ ವಾರದ ಕೊನೆಗೆ ಅವಳ ಎಡಗಾಲೂ ಮೆತ್ತಗಾಗತೊಡಗಿತು. ಮೋನಪ್ಪ ಗಾಬರಿಯಾದ. ಖಾಲಿ ರಸ್ತೆಯಲ್ಲಿ ಕಲಿತದ್ದು ಸಾಕು, ಇನ್ನು ಪಾರ್ಕಿಂಗಿಗೆ ಇಳಿಸಿ ಹತ್ತಿಸುವುದನ್ನು ಕಲಿಯಿರಿ ಎಂದ. ಡ್ರೈವರುಗಳೆಲ್ಲ ಕೆಳಗಿರುವ ಎಂಟು ಗಂಟೆಯನ್ನೇ ಗೊತ್ತು ಮಾಡಿದ. ಒಬ್ಬಳೇ ಇದ್ದಾಗ ಹೆದರದವಳು ಹತ್ತು ಗಂಡಸರ ಕಣ್ಣೆದುರು ಹೆದರುತ್ತಾಳೆ ಎಂಬುದು ಅವನ ಎಣಿಕೆ.

ಅದರ ಹಿಂದಿನ ದಿನ ಭೀಮರಾಯ ಅವನನ್ನು ಬದಿಗೆ ಕರೆದ. ಕಾರು ಗೇಟು ದಾಟುವಾಗ ಹಿಂದೆ ನಿಂತು ನೋಡಿದ್ದನಂತೆ. "ಗಾಡಿ ಮುಂದ ಹೊಂಟದ, ಹಿಂದ ಬ್ರೇಕಿನ ಕೆಂಪು ದೀಪ ಹತ್ಕೊಂಡೇ ಅದ. ಎರಡೂ ಕಾಲು ಇಟ್ಟಾಳ ಆಕಿ. ಯಾರು ಕಲಿಸ್ಯಾರ ಹಿಂಗ?"

ಸ್ಕೂಲಿನವರು ಕೆಡಿಸಿದ್ದು ಎಂದ ಮೋನಪ್ಪ.

ಭೀಮರಾಯ ಅವನ ಬೂಟನ್ನು ನೋಡಿದ, ಮುಖವನ್ನು ನೋಡಿದ. "ಬಿಡಿಸು ಅದನ್ನ. ಯಾರರ ಸಾಯ್ತಾರ."

ಮರುದಿನ ಶನಿವಾರ. ವಿಜೇತಾ ಇಳಿಜಾರಿನಲ್ಲಿ ಗಾಡಿಯನ್ನು ಚೆನ್ನಾಗಿಯೇ ಇಳಿಸಿದಳು. ಶೆಟ್ಟರ ಜಾಗಕ್ಕೆ ಅಡ್ಡವಾಗಿ ಬೂದು ಬಣ್ಣದ ಗೇರಿನ ಕಾರೊಂದಿತ್ತು. ಅದನ್ನು ತೆಗೆಯಬೇಕಾದವನು ಮೋನಪ್ಪ. ಎಂದಿನಂತೆ ಭೀಮರಾಯ ತೆಗೆದ. ಕಂಬದ ಹತ್ತಿರ ನಿಲ್ಲಿಸಿ, ಇಳಿದು, ಬಾಗಿಲು ಹಾಕುತ್ತಿದ್ದ. ಡ್ರೈವರುಗಳಲ್ಲಿ ಯಾರೋ ಸೀಟಿ ಹೊಡೆದರು. ವಿಜೇತಾ ಬೆಚ್ಚಿದಳು. ಬೆಚ್ಚಿದಾಗ ಎಡಗಾಲು ಹಳೆಯ ಪಾಠವನ್ನು ನೆನೆದು ನೆಲದವರೆಗೆ ತುಳಿಯಿತು. ಗಾಡಿ ಗಕ್ಕನೆ ನಿಂತಿತು, ಅವಳ ಮೈಯ ಭಾರವೆಲ್ಲ ಬಲಗಾಲಿನ ಮೇಲೆ ಬಿತ್ತು. ಆ ಪೆಟ್ಟಿಗೆ ಹೆದರಿ ಎಡಗಾಲನ್ನು ಎತ್ತಿದಳು. ಬಲಗಾಲು ರೇಸಿನ ಮೇಲೆಯೇ ಇತ್ತು.

ಪಕ್ಕದ ಸೀಟಿನಲ್ಲಿದ್ದ ಮೋನಪ್ಪನ ಕೈಯಳತೆಯಲ್ಲೇ ಹ್ಯಾಂಡ್‌ಬ್ರೇಕಿತ್ತು. ಎಳೆದ. ಎಳೆಯುವ ಹೊತ್ತಿಗೆ ಬಿಳಿ ಕಾರು ಭೀಮರಾಯನ ಮೊಣಕಾಲನ್ನು ಕಂಬಕ್ಕೆ ಒತ್ತಿ ಆಗಿತ್ತು.

ಪೊಲೀಸಿನವರ ಮುಂದೆ ಭೀಮರಾಯ, ತಾನೇ ಕಾಲು ಜಾರಿ ಗಾಡಿಗೆ ಅಡ್ಡ ಬಂದೆ ಎಂದ. ಶೆಟ್ಟರು ಆಸ್ಪತ್ರೆಯ ಖರ್ಚನ್ನೆಲ್ಲ ಹೊತ್ತರು. ವಿಜೇತಾ ಕಾರಿನ ಚಾವಿಯನ್ನು ಮಾವನ ಕೈಗೆ ಕೊಟ್ಟು, ಗಾಬರಿಯಲ್ಲಿ ಎಡಗಾಲು ಬಲಗಾಲು ತಾನೇ ತಪ್ಪಾಗಿ ತುಳಿದೆ, ಅಂಕಲ್ ಪಾಪ ಸರಿಯಾಗಿಯೇ ಕಲಿಸಿದ್ದರು ಎಂದಳು. ಇನ್ನೆಂದೂ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದಳು. ಮೋನಪ್ಪ ಆ ದಿನ ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ನೌಕರಿ ಉಳಿದಿತ್ತು. ನಂತರದ ಹನ್ನೊಂದು ದಿನ ಅವನಿಗೆ ಒಳ್ಳೆಯ ನಿದ್ದೆ ಬಂದಿತೆಂದು ವಾರಿಜಾ ಹೇಳುತ್ತಾಳೆ. ಅಷ್ಟು ಒಳ್ಳೆಯ ನಿದ್ದೆ ಎರಡು ವರ್ಷದಲ್ಲಿ ಬಂದಿರಲಿಲ್ಲ.

ಹನ್ನೆರಡನೆಯ ದಿನ ಶೆಟ್ಟರು ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಮೋನಪ್ಪ ಮೋಸಂಬಿಯ ಚೀಲ ಹಿಡಿದು ಮಂಚದ ಕಾಲ್ದೆಸೆಯಲ್ಲಿ ನಿಂತ. ಭೀಮರಾಯನ ಎಡ ಮೊಣಕಾಲಿಗೆ ಪ್ಲೇಟು ಹಾಕಿದ್ದರು. ಅದು ಇನ್ನು ಅರ್ಧವೇ ಮಡಚುವುದು, ಕ್ಲಚ್ಚು ತುಳಿಯಲಾಗದು ಎಂದು ಡಾಕ್ಟರು ಹೇಳಿದ್ದರು. ಮೂರನೆಯ ಮಾಳಿಗೆಯವರು ಆಗಲೇ ಬೇರೆ ಡ್ರೈವರನನ್ನು ಇಟ್ಟುಕೊಂಡಿದ್ದರು. ಶೆಟ್ಟರು ಎಲ್ಲ ಯೋಚಿಸಿಯೇ ಬಂದಿದ್ದರು. ಅವರ ಮನಸ್ಸಿನಲ್ಲಿ ಕರುಣೆಯೂ ಇತ್ತು, ಕೇಸಿನ ಭಯವೂ ಇತ್ತು.

"ನೋಡು ಮೋನಪ್ಪ, ಈ ಮನುಷ್ಯನಿಗೆ ಇನ್ನು ಬಲಗಾಲೊಂದೇ ಗತಿ. ನಮ್ಮ ಕಾರು ಇವನು ಓಡಿಸಲಿ. ನಿನಗೆ ಯಾವ ಗಾಡಿಯಾದರೇನು? ಹೋಟೆಲಿನ ತರಕಾರಿ ಟೆಂಪೊ ನಿನಗೆ. ಬೆಳಿಗ್ಗೆ ಬೈಕುಲ್ಲಾ ಮಾರ್ಕೆಟ್ಟು, ಅಲ್ಲಿಂದ ಮಾಟುಂಗ, ಮಧ್ಯಾಹ್ನಕ್ಕೆ ಮನೆ. ಸಂಬಳ ಅದೇ."

ಟೆಂಪೊ ಹಳೆಯದು. ಅದರ ಕ್ಲಚ್ಚು ಕಲ್ಲಿನಂತಿದೆ ಎಂದು ಹೋಟೆಲಿನವರೆಲ್ಲ ದೂರುತ್ತಿದ್ದರು. ಮೋನಪ್ಪ ಭೀಮರಾಯನತ್ತ ನೋಡಿದ. ಆ ಕೋಣೆಯಲ್ಲಿ ತನ್ನ ಕಾಲಿನ ಸಂಗತಿ ತಿಳಿದವನು ಅವನೊಬ್ಬನೇ. ಕಾಲಿನ ಗುಟ್ಟು ಕಾಪಾಡಿದವನು, ದಿನವೂ ಚಹಾ ಹಂಚಿಕೊಂಡವನು, ಬೇರೇನಾದರೂ ನೆವ ಹೇಳಿ ತಪ್ಪಿಸಿಯಾನು ಎಂದುಕೊಂಡ.

ಭೀಮರಾಯ ದಿಂಬಿಗೆ ಒರಗಿ ನಿಧಾನವಾಗಿ ಹೇಳಿದ: "ಕ್ಲಚ್ಚಿನ ಗಾಡಿ ಅಂದ್ರ ಮೋನಪ್ಪಣ್ಣಂದ್ರಿ ಸೇಠ. ಅಂಥಾ ಎಡಗಾಲು ಮುಂಬೈದಾಗ ಇನ್ನೊಂದಿಲ್ಲ."

ಶೆಟ್ಟರು ಸಮಾಧಾನದಿಂದ ನಕ್ಕು ಡಾಕ್ಟರನ್ನು ಕಾಣಲು ಹೊರಗೆ ಹೋದರು.

"ಬೇಕಾದ್ರ ಈಗ ಹೋಗಿ ಹೇಳು," ಎಂದ ಭೀಮರಾಯ. "ಬೂಟು ಬಿಚ್ಚಿ ತೋರಿಸು. ಯಾವಾಗಿಂದ ಹಿಂಗದ ಅಂತ ಕೇಳ್ತಾರ. ಆಮ್ಯಾಲ, ಆ ಹುಡುಗಿಗೆ ಎರಡು ಕಾಲು ಯಾಕ ಕಲಿಸಿದಿ ಅಂತನೂ ಕೇಳ್ತಾರ. ಅವರು ಕೇಳದಿದ್ರ ನಾ ಕೇಳ್ತೀನಿ."

ಮೋನಪ್ಪ ಮೋಸಂಬಿಯ ಚೀಲವನ್ನು ಮೇಜಿನ ಮೇಲಿಟ್ಟ. ಶೆಟ್ಟರು ಒಳಗೆ ಬಂದು, ಸೋಮವಾರದಿಂದಲೇ ಸುರುಮಾಡುತ್ತೀಯಲ್ಲ ಎಂದು ಕೇಳಿದಾಗ, ಆಯಿತು ದಣಿ ಎಂದ.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಬೈಕುಲ್ಲಾದ ಮಾರ್ಕೆಟ್ಟಿನಲ್ಲಿ ಟೆಂಪೊಗೆ ಹನ್ನೆರಡು ಚೀಲ ಸೌತೆ, ಎಂಟು ಚೀಲ ಈರುಳ್ಳಿ ಏರಿದವು. ಸೇತುವೆಯ ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಲಾರಿ ನಿಂತಿತು, ಮೋನಪ್ಪನೂ ನಿಲ್ಲಿಸಿದ. ಅವನ ಹಿಂದೆ ಒಂದು ಕೈಗಾಡಿ, ಅದನ್ನು ತಳ್ಳುವ ಇಬ್ಬರು ಹೆಂಗಸರು, ಅವರ ಹಿಂದೆ ಹಾರ್ನು ಹೊಡೆಯುವ ಸಾಲು. ಲಾರಿ ಕದಲಿತು. ಹ್ಯಾಂಡ್‌ಬ್ರೇಕು ಹಿಡಿಯುತ್ತಿರಲಿಲ್ಲ. ಎಡಗಾಲು ಪೆಡಲಿನ ಮೇಲಿದೆಯೋ, ಅಂಚಿಗೆ ಜಾರಿದೆಯೋ ಎಂಬುದು ಅವನಿಗೆ ತಿಳಿಯಲಿಲ್ಲ. ತಿಳಿಯಬೇಕಾದರೆ ಕಣ್ಣಿನಿಂದ ನೋಡಬೇಕು. ಹಿಂದಿನ ಹೆಂಗಸರಲ್ಲಿ ಒಬ್ಬಳು ಕೈಗಾಡಿಗೆ ಬೆನ್ನು ಕೊಟ್ಟು ನಿಂತಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಅವನು ಕನ್ನಡಿಯನ್ನು ಬಿಟ್ಟು ತಲೆ ಬಗ್ಗಿಸಿ, ತನ್ನ ಕಾಲನ್ನು ಹುಡುಕಿದ.