ಕೊನೆಯವರ ಚೀಲ

ನನ್ನ ಗಂಡ ದರ್ಜಿ. ವಾರದಲ್ಲಿ ಆರು ದಿನ ಅವರ ಬಾಯಲ್ಲಿ ಗುಂಡುಪಿನ್ನು ಇರುತ್ತದೆ. ಹಾಗಾಗಿ ಆರು ದಿನ ನಮ್ಮ ಮನೆಯಲ್ಲಿ ಮಾತಿಲ್ಲ. ಏನು ಕೇಳಿದರೂ "ಹ್ಞೂಂ", ಇಲ್ಲವೇ "ಉಹ್ಞೂಂ". ಊಟಕ್ಕೆ ಕರೆದರೆ ಪಿನ್ನು ತೆಗೆಯುತ್ತಾರೆ, ಆದರೆ ಆಗ ಬಾಯಲ್ಲಿ ತುತ್ತಿರುತ್ತದೆ. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು, ಅವರು ನನಗೆ ಹೊಲಿದುಕೊಟ್ಟ ಬಟ್ಟೆ ಎರಡೋ ಮೂರೋ. ನನ್ನ ತುಂಡು ಅಂಗಡಿಯ ಕಪಾಟಿನ ಕೆಳಗಿನ ಅರೆಯಲ್ಲಿ ಬಿದ್ದಿರುತ್ತದೆ. ಗಿರಾಕಿಗಳದ್ದೆಲ್ಲ ಮುಗಿದ ಮೇಲೆ ಅದರ ಸರದಿಯಂತೆ. ಗಿರಾಕಿಗಳದ್ದು ಮುಗಿಯುವುದು ಉಂಟೇ? ಈಗ ಅಲ್ಲಿರುವ ನೀಲಿ ಬಟ್ಟೆಯನ್ನು ನಾನು ಕೊಂಡದ್ದು ಮಗಳ ಮದುವೆಗೆಂದು. ಮಗಳ ಮಗುವಿಗೆ ಈಗ ಹಲ್ಲು ಬಂದಿದೆ.

ಭಾನುವಾರ ಮಾತ್ರ ಬೇರೆ. ಹತ್ತು ವರ್ಷದ ಹಿಂದೆ, ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಾಗ ಡಾಕ್ಟರು "ಸ್ವಲ್ಪ ನಡೆದಾಡಿ" ಎಂದರು. ನಮ್ಮವರಿಗೆ ಯಾವುದನ್ನೂ ಸ್ವಲ್ಪ ಮಾಡಿ ಗೊತ್ತಿಲ್ಲ. ನೆಟ್ಟಗೆ ಹೋಗಿ ಗುಡ್ಡಗಾಡು ಓಟದ ಕ್ಲಬ್ಬು ಸೇರಿ ಬಂದರು. ಅದೂ ಕುಟುಂಬ ಸದಸ್ಯತ್ವ, ಯಾಕೆಂದರೆ ಅದಕ್ಕೆ ಎರಡು ಬನಿಯನ್ ಕೊಡುತ್ತಾರೆ, ಒಂದು ಒಣಗುವಾಗ ಇನ್ನೊಂದು ಹಾಕಿಕೊಳ್ಳಬಹುದು. ಹೀಗೆ ಓಟಗಾರರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿ, ಪ್ರತಿ ವರ್ಷ ಅದರ ಮುಂದೆ "ಗೈರುಹಾಜರು" ಎಂದು ಬೀಳುತ್ತಿತ್ತು.

ಭಾನುವಾರ ಓಡಿ ಬಂದರೆಂದರೆ ಮೊಣಕಾಲತನಕ ಕೆಸರು. ಆ ಕೆಸರುಗಾಲಲ್ಲೇ ಅಡುಗೆಮನೆ ಬಾಗಿಲಲ್ಲಿ ನಿಂತು ಮಾತು ಶುರು ಮಾಡುತ್ತಾರೆ. ಹಳ್ಳದಲ್ಲಿ ಕಂಡ ಹಕ್ಕಿ, ಯಾರಿಗೆ ಮುಳ್ಳು ಚುಚ್ಚಿತು, ಯಾವ ನಾಯಿ ಅಟ್ಟಿಸಿಕೊಂಡು ಬಂತು, ಒಂದೂ ಬಿಡುವುದಿಲ್ಲ. ನಾನು ನೆಲ ಹಾಳಾಯಿತೆಂದು ಬೈಯುತ್ತೇನೆ, ಬೈಯುತ್ತಲೇ ಇನ್ನೊಂದು ಲೋಟ ಕಾಫಿ ಬೆರೆಸುತ್ತೇನೆ. ನಿಮ್ಮಲ್ಲಿ ಹೇಳಲು ನಾಚಿಕೆಯೇನು, ವಾರವೆಲ್ಲ ನಾನು ಕಾಯುವುದು ಆ ಒಂದು ಗಂಟೆಗೆ.

ಓಡುವುದರಲ್ಲಿ ಇವರು ಆರಕ್ಕೇರಿದವರಲ್ಲ, ಮೂರಕ್ಕಿಳಿದವರೂ ಅಲ್ಲ. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಓಟದಲ್ಲಿ ಒಂಬತ್ತು ವರ್ಷವೂ ಕೊನೆಯವರು. ಹದಿನಾಲ್ಕು ಕಿಲೋಮೀಟರು: ಕಾಲುವೆ ದಂಡೆ, ಹಳ್ಳ, ಆಮೇಲೆ ಕ್ಲಬ್ಬಿನವರು "ಅಯ್ಯಯ್ಯೋ ದಿಣ್ಣೆ" ಎಂದು ಕರೆಯುವ ಏರು, ಅದರಾಚೆ ಹಳೆಯ ಕಲ್ಲು ಕ್ವಾರಿ, ಮುಳ್ಳುಪೊದೆ, ಕೊನೆಗೆ ಶಾಲೆಯ ಮೈದಾನ. ದಾರಿ ತಪ್ಪದಿರಲೆಂದು ಮರಗಿಡಗಳಿಗೆ ಕಿತ್ತಳೆ ಬಣ್ಣದ ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಪಟ್ಟಿ ಹೊಲಿಯುವವರು ನಮ್ಮವರೇ. ಮರಕ್ಕೆ ಕಟ್ಟುವ ಚಿಂದಿಗೂ ನಾಲ್ಕು ಅಂಚು ಮಡಿಸಿ ಹೊಲಿಯುವ ಆಸಾಮಿ ಇವರು! ಕೊನೆಯಲ್ಲಿ ಬರುವವರು ಆ ಪಟ್ಟಿಗಳನ್ನು ಬಿಚ್ಚುತ್ತ, ಸೊಂಟದ ಚೀಲಕ್ಕೆ ತುಂಬುತ್ತ ಬರಬೇಕು. ಕ್ಲಬ್ಬಿನ ಕಾರ್ಯದರ್ಶಿ ನಿವೃತ್ತ ಡ್ರಿಲ್ ಮೇಷ್ಟ್ರು. ಚೀಲ ಬಂತೆಂದರೆ ಗುಡ್ಡದ ಮೇಲೆ ಪಟ್ಟಿಯೂ ಇಲ್ಲ, ಮನುಷ್ಯರೂ ಇಲ್ಲ ಎಂದು ಅವರ ಲೆಕ್ಕ. ಚೀಲ ತಂದವರ ಹೆಸರನ್ನು ಕೊನೆಯಲ್ಲಿ ಬರೆದು ಪುಸ್ತಕ ಮುಚ್ಚುತ್ತಾರೆ. ಒಂಬತ್ತು ವರ್ಷ ಒಬ್ಬರೇ ತಂದದ್ದರಿಂದ ಚೀಲ ನಮ್ಮ ಮನೆಯ ಗೂಟದಲ್ಲೇ ನೇತಾಡುತ್ತದೆ.

ಈ ವರ್ಷ ಕ್ಲಬ್ಬಿಗೆ ನಮ್ಮ ಬೀಗರು ಸೇರಿದರು. ಮಗಳ ಮಾವ, ನೋಂದಣಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತರಾದವರು. ಓಡಲು ಕಲಿಯುವ ಮೊದಲು ಕ್ಲಬ್ಬಿನ ನಿಯಮಾವಳಿ ಬಾಯಿಪಾಠ ಮಾಡಿದರು. ಒಂದು ದಿನ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರೆದುರು ನಕ್ಕು ಹೇಳಿದರು:

"ಬೀಗರೇ, ಪ್ರತಿ ಸಲ ಕೊನೆಗೆ ಬರೋದಕ್ಕೂ ಒಂದು ಸಾಧನೆ ಬೇಕು, ಬಿಡಿ."

ನಮ್ಮವರ ಕಿವಿ ಕೆಂಪಾಯಿತು. "ಈ ಸಲ ನಾನು ಕೊನೆಗೆ ಬಂದ್ರೆ ಶೂ ಮೂಲೆಗಿಡ್ತೀನಿ. ಮತ್ತೆ ಓಡಲ್ಲ" ಎಂದುಬಿಟ್ಟರು.

ಇವರು ಒಮ್ಮೆ ಆಡಿದರೆ ಆಡಿದಂತೆ. ಹಿಂದೊಮ್ಮೆ ಸಿಟ್ಟಿನಲ್ಲಿ ಬೀಡಿ ಬಿಟ್ಟೆ ಎಂದವರು ಆಮೇಲೆ ಬೆಂಕಿಪೊಟ್ಟಣವನ್ನೂ ಮುಟ್ಟಿಲ್ಲ. ಓಟ ನಿಂತರೆ ಭಾನುವಾರವೂ ಪಿನ್ನೇ ಗತಿ.

ಓಟದ ದಿನ ಬೆಳಿಗ್ಗೆ, ಬೇರೆಯವರು ಕೈಗಡಿಯಾರ ಕಟ್ಟಿಕೊಳ್ಳುವ ಹಾಗೆ, ಇವರು ಗೂಟದ ಚೀಲ ತೆಗೆದು ಸೊಂಟಕ್ಕೆ ಕಟ್ಟಿಕೊಂಡರು. ಅವರಿಗೂ ಅದು ಗೊತ್ತಾಗಲಿಲ್ಲ, ನಾನೂ ಗಮನಿಸಲಿಲ್ಲ. ನಾನು ಬಾಳೆಹಣ್ಣಿನ ಚೀಲ ಹಿಡಿದು ಮೈದಾನದಲ್ಲಿ ಮುಗಿಸುವ ಗೆರೆಯ ಬಳಿ ನಿಂತೆ.

ಮುಂದೆ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಅಯ್ಯಯ್ಯೋ ದಿಣ್ಣೆಯಲ್ಲಿ ಬೀಗರು ಮತ್ತು ಕ್ಲಬ್ಬಿನ ಇನ್ನೊಬ್ಬ ಸದಸ್ಯರಾದ ಹಲ್ಲಿನ ಡಾಕ್ಟರು ಇಬ್ಬರೂ ಏದುಸಿರು ಬಿಡುತ್ತ ಬಂಡೆಗೊರಗಿ ನಿಂತಿದ್ದರಂತೆ. "ಬರ್ತೀನಿ ಬೀಗರೇ" ಎಂದು ಇವರು ದಾಟಿಹೋದರು. ದಿಣ್ಣೆ ಇಳಿದ ಮೇಲೆ ಹಿಂದೆ ಮುಂದೆ ಯಾರೂ ಇಲ್ಲ. ಒಂಬತ್ತು ವರ್ಷ ಕೇಳಿದ ಅದೇ ನಿಶ್ಶಬ್ದ. ಮನಸ್ಸು ಬೀಗರ ಮುಖ ನೆನೆದು ನಗುತ್ತಿತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಲಿತ ಗುಣವೂ ಅಷ್ಟೇ.

ಮೈದಾನದ ತುದಿಯಲ್ಲಿ ಅವರು ಕಾಣಿಸಿಕೊಂಡಾಗ ನಾನು ಕುಣಿದೇಬಿಟ್ಟೆ. ನಲವತ್ತು ಜನ ಬಂದಾಗಿತ್ತು, ಇನ್ನೂ ಇಬ್ಬರು ಇವರ ಹಿಂದೆ! ಆಮೇಲೆ ಸೊಂಟ ನೋಡಿದೆ. ಚೀಲ ಬಸುರಿ ಹೊಟ್ಟೆಯ ಹಾಗೆ ಉಬ್ಬಿತ್ತು. ನನಗೆ ಎಲ್ಲ ಅರ್ಥವಾಯಿತು. ಸುಳ್ಳೇಕೆ ಹೇಳಲಿ, ನಾನು ಬಾಯಿ ಬಿಡಲಿಲ್ಲ. ಮೊದಲು ಗೆರೆ ದಾಟಲಿ, ಆಮೇಲೆ ನೋಡೋಣ ಎಂದುಕೊಂಡೆ.

ಗೆರೆಗೆ ಇಪ್ಪತ್ತು ಹೆಜ್ಜೆ ಇರುವಾಗ ಅವರು ಬೆವರೊರೆಸಲು ಚೀಲಕ್ಕೆ ಕೈಹಾಕಿ ಒಂದು ಬಟ್ಟೆ ಎಳೆದರು. ಕಿತ್ತಳೆ ಬಣ್ಣ. ನಿಂತೇಬಿಟ್ಟರು.

"ಅಯ್ಯೋ, ಬೀಗರು!"

"ರೀ, ಇನ್ನು ಇಪ್ಪತ್ತೇ ಹೆಜ್ಜೆ! ಗೆರೆ ದಾಟಿ ಆಮೇಲೆ ಹೋಗಿ!"

"ಅಲ್ಲಿ ಕ್ವಾರಿ ಇದೆ ಕಣೇ. ದಾರಿ ಗೊತ್ತಿಲ್ದೆ ಎಲ್ಲಿ ಕಾಲಿಡ್ತಾರೋ ಏನೋ" ಎಂದು ತಿರುಗಿ ಓಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಬಂದ ಸಿಟ್ಟಿಗೆ ಅವರನ್ನು ಅಲ್ಲೇ ಹಿಡಿದು ನಿಲ್ಲಿಸಬೇಕೆನ್ನಿಸಿತು. ಚಪ್ಪಲಿಕಾಲಲ್ಲೇ, ಬಾಳೆಹಣ್ಣು ಹಿಡಿದು ಹಿಂದೆ ಓಡಿದೆ.

ಆ ಮನುಷ್ಯ ಹೋಗುತ್ತ ಹೋಗುತ್ತ ಪಟ್ಟಿಗಳನ್ನೆಲ್ಲ ಮತ್ತೆ ಕಟ್ಟಿದರು, ಅವರಿಬ್ಬರು ಬೇರೆ ಕಡೆಯಿಂದ ಬಂದರೂ ದಾರಿ ಕಾಣಲಿ ಎಂದು. ಅದೂ ಚೊಕ್ಕ ಗಂಟು! ಮುಳ್ಳುಪೊದೆಯಲ್ಲಿ ನನ್ನ ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ದಾರಿಯುದ್ದಕ್ಕೂ ಬೈದೆ, ಬೈಯಲು ಉಸಿರು ಸಿಕ್ಕಾಗಲೆಲ್ಲ.

ಕ್ವಾರಿಯ ಬಳಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಬೀಗರು ಸೂರ್ಯನನ್ನು ನೋಡಿ ಬಲಕ್ಕೆನ್ನುತ್ತಾರೆ, ಹಲ್ಲಿನ ಡಾಕ್ಟರು ಅಲ್ಲಿದ್ದ ಒಂದು ನಾಯಿಯ ಹಿಂದೆ ಹೋಗೋಣವೆನ್ನುತ್ತಾರೆ. ಆಗಲೇ ಕ್ವಾರಿಗೆ ಮೂರು ಸುತ್ತು ಹಾಕಿದ್ದರು.

"ದಾರಿ ತಪ್ಪಿಲ್ಲ ಬೀಗರೇ," ಎಂದರು ಬೀಗರು, ಮೈಯೆಲ್ಲ ಧೂಳು, ಮೀಸೆ ಮಾತ್ರ ಮಣ್ಣಾಗಿರಲಿಲ್ಲ. "ಇಲ್ಲಿ ತುಂಬಾ ಜನ ಓಡಿಹೋದ ಹೆಜ್ಜೆಗುರುತಿದೆ."

"ಅದು ನಿಮ್ಮದೇ ಹೆಜ್ಜೆ," ಎಂದರು ನಮ್ಮವರು. ಮುಚ್ಚಿಡಲಿಲ್ಲ, ಚೀಲ ತೋರಿಸಿ ಎಲ್ಲ ಹೇಳಿದರು. "ತಪ್ಪು ನಂದು. ಕೈ ಅಭ್ಯಾಸ."

ಬೀಗರು ಚೀಲವನ್ನು ನೋಡಿದರು, ಇವರನ್ನು ನೋಡಿದರು. "ನೀವು ಗೆರೆ ದಾಟಿ ಬಂದ್ರಾ?"

"ಎಲ್ಲಿ ದಾಟಿದ್ರು? ಇಪ್ಪತ್ತು ಹೆಜ್ಜೆ ಇತ್ತು!" ಎಂದೆ ನಾನು. ಬೀಗರು ಎರಡು ಬಾಳೆಹಣ್ಣು ತಿಂದು ಹೊರಟರು.

ವಾಪಸು ಬರುವಾಗ ಅವರಿಬ್ಬರು ಮುಂದೆ, ಪಟ್ಟಿ ಬಿಚ್ಚುತ್ತ ನಾವು ಹಿಂದೆ. ಮೈದಾನ ಬಂತು. ಡಾಕ್ಟರು ಗೆರೆ ದಾಟಿದರು, ಬೀಗರೂ ದಾಟಿದರು. ನಮ್ಮವರು ಮೊದಲು ನಿಂತಿದ್ದ ಜಾಗದಲ್ಲೇ ಮತ್ತೆ ನಿಂತರು.

"ಚೆನ್ನಾಗಿತ್ತು ಕಣೇ, ಈ ಹತ್ತು ವರ್ಷ," ಎಂದರು. ಅಷ್ಟೇ.

ನನಗೆ ಅಳು ಬಂತು. ಇನ್ನು ಅಡುಗೆಮನೆ ಬಾಗಿಲಲ್ಲಿ ಕೆಸರಿಲ್ಲ, ಹಕ್ಕಿಯಿಲ್ಲ, ನಾಯಿಯಿಲ್ಲ. ಅಳುವಿನ ಹಿಂದೆಯೇ ಸಿಟ್ಟೂ ಬಂತು, ಸಿಟ್ಟು ಬಂದರೆ ನನಗೆ ಬುದ್ಧಿ ಚುರುಕಾಗುತ್ತದೆ. ಅವರ ಸೊಂಟದ ಚೀಲ ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿಕೊಂಡೆ.

"ನಡೀರಿ ಮುಂದೆ."

"ಏನೇ ಇದು?"

"ನಡೀರಿ ಅಂದ್ನಲ್ಲ!"

ಅವರು ದಾಟಿದರು. ಹಿಂದೆಯೇ ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ನಾನು ದಾಟಿ ಮೇಷ್ಟ್ರ ಮೇಜಿನ ಮೇಲೆ ಚೀಲ ಕುಕ್ಕಿದೆ. "ಬರ್ಕೊಳ್ಳಿ. ಕೊನೆಯವಳು ನಾನು. ಓಟಗಾರರ ಪಟ್ಟಿಯಲ್ಲಿ ನನ್ನ ಹೆಸರಿದೆ."

"ಅಮ್ಮಾ, ನೀವು ಓಟ ಶುರುನೇ ಮಾಡಿಲ್ವಲ್ಲ!"

ಉತ್ತರ ಬಂದದ್ದು ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಬೀಗರಿಂದ.

"ಮೇಷ್ಟ್ರೇ, ನಿಯಮ ಏಳು. ಚೀಲ ತಂದವರು ಕೊನೆಯವರು. ಎಲ್ಲಿಂದ ತಂದ್ರು ಅಂತ ಅದರಲ್ಲಿಲ್ಲ. ಮೂವತ್ತನಾಲ್ಕು ವರ್ಷ ನೋಂದಣಿ ಮಾಡಿದವನು ಹೇಳ್ತಿದೀನಿ, ಬರೀರಿ."

ಮೇಷ್ಟ್ರು ನಿಯಮಾವಳಿ ತೆಗೆದು ಎರಡು ಸಲ ಓದಿದರು. ಆಮೇಲೆ "ಗೈರುಹಾಜರು" ಎಂಬುದನ್ನು ಹೊಡೆದುಹಾಕಿ, ನನ್ನ ಹೆಸರನ್ನು ಎಲ್ಲರ ಕೆಳಗೆ ಬರೆದು ಪುಸ್ತಕ ಮುಚ್ಚಿದರು. "ಮುಂದಿನ ವರ್ಷ ಮೊದಲಿಂದ ಓಡ್ಬೇಕು," ಎಂದು ನನಗೆ ಎಚ್ಚರಿಕೆ ಬೇರೆ.

"ಓಡ್ತೀನಿ, ಅದಕ್ಕೇನಂತೆ!" ಎಂದೆ. ಬಾಯಿಗೇನು, ಹೇಳಿಬಿಡುತ್ತದೆ.

ಬೀಗರು ನಮ್ಮವರ ಕೈಹಿಡಿದು ಎದ್ದರು. "ನೀವು ಕೊನೆಯವರಲ್ಲ ಬೀಗರೇ. ಮಾತು ಅಲ್ಲಿಗೆ ಮುಗೀತು."

ಸೋಮವಾರ ಬೆಳಿಗ್ಗೆ ಅಂಗಡಿಗೆ ಕಾಫಿ ಕೊಡಲು ಹೋದೆ. ಮೇಜಿನ ಮೇಲೆ ಗಿರಾಕಿಗಳ ಗಂಟು ಬಿಚ್ಚದೆ ಹಾಗೇ ಬಿದ್ದಿತ್ತು. ಅದರ ಪಕ್ಕದಲ್ಲಿ ನನ್ನ ನೀಲಿ ಬಟ್ಟೆ, ಧೂಳು ಕೊಡವಿ ಇಸ್ತ್ರಿ ಮಾಡಿ ಇಟ್ಟಿತ್ತು.

"ನಿಲ್ಲು ಇಲ್ಲಿ, ಅಳತೆ ತಗೋಬೇಕು. ಓಡೋಕೆ ಸಡಿಲ ಇರ್ಬೇಕು. ಜೇಬು ಬೇಕಾ? ಕ್ವಾರಿ ಹತ್ರ ಆ ನಾಯಿ ನೋಡಿದ್ಯಲ್ಲ, ಹೋದ ವರ್ಷ ಅದು ಏನು ಮಾಡ್ತು ಗೊತ್ತಾ..."

ಟೇಪು ಹಿಡಿದು ಸುತ್ತ ತಿರುಗುತ್ತ ಮಾತಾಡುತ್ತಲೇ ಇದ್ದರು. ಪಿನ್ನುಗಳೆಲ್ಲ ಡಬ್ಬಿಯಲ್ಲಿದ್ದವು.