ಕಾರ್ಡಿನ ಮೇಲಿನ ಬೊಟ್ಟು

ನನ್ನ ಅವ್ವನ ಬೆರಳು ಮುಟ್ಟಿದರೆ ಫೋನಿಗೆ ಗೊತ್ತೇ ಆಗುವುದಿಲ್ಲ. ನಮ್ಮೂರು ಹಂಗಳದ ಹೊಲದಲ್ಲಿ ಅರಿಸಿನ, ಈರುಳ್ಳಿ ಕಿತ್ತು ಕಿತ್ತು ತುದಿಯೆಲ್ಲ ಕಲ್ಲಾಗಿದೆ. ಮೊನ್ನೆ ಫೋನಿನಲ್ಲಿ ಆಟ ಹಾಕಿಕೊಟ್ಟರೆ ಉಜ್ಜಿ ಉಜ್ಜಿ ಬೇಜಾರಾಗಿ ಪಕ್ಕಕ್ಕೆ ಬಿಸಾಕಿದಳು.

"ಆ ಹಳೇ ಕಂಪ್ಯೂಟ್ರು ತಗೀಲಾ ಮಗ. ಗುಂಡಿ ಒತ್ತುದ್ರೆ ಒತ್ದಂಗಿರ್ತದೆ. ಇಟ್ಟಿಗೆ ಒಡೆಯೋ ಆಟ ಆಡ್ಬೇಕು ಕಣ್ಲಾ ಒಂದ್ಸಲ," ಅಂದಳು. ಗೆದ್ದಾಗ ಅದು ನುಡಿಸುತ್ತಿದ್ದ ರಾಗವನ್ನೂ ಗುನುಗಿ ತೋರಿಸಿದಳು.

ನಾನು ಕಾಲೇಜಿಗೆ ಹೋಗುವಾಗ ಮೈಸೂರಿನಿಂದ ಸೆಕೆಂಡ್ ಹ್ಯಾಂಡಲ್ಲಿ ತಂದದ್ದದು. ತಂದದ್ದು ನನ್ನ ಓದಿಗೆ, ಆಡಿದ್ದು ಅವ್ವ. ಅಟ್ಟದಿಂದ ಇಳಿಸಿ ಹಚ್ಚಿದರೆ ತೆರೆಯೇನೋ ಬೆಳಗಿತು. ಹಾರ್ಡ್ ಡಿಸ್ಕ್ ಸತ್ತಿತ್ತು, ಆಟವೂ ಅದರ ಜೊತೆಗೇ ಹೋಗಿತ್ತು.

ಚಾಮರಾಜನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಹಳೆಯ ಫ್ಲಾಪಿ ಒಂದನ್ನೂ ಎಸೆದವನಲ್ಲ. ಫೋನ್ ಮಾಡಿದೆ. "ಆಟ ಅದೆ ಕಣ್ಲಾ, ಫ್ಲಾಪಿಯಿಂದ್ಲೇ ಓಡ್ತದೆ. ಆದ್ರೆ ಸೌಂಡ್ ಕಾರ್ಡ್ ಯಾವ್ದು ಅಂತ ಗೊತ್ತಾಗ್ದೆ ಸದ್ದು ಬರಾಕಿಲ್ಲ. ಚಿಪ್ಪಿನ ಮ್ಯಾಲಿನ ನಂಬರ್ ನೋಡ್ಕೊಂಡು ಬಾ," ಅಂದ.

ಮುಚ್ಚಳ ತೆಗೆದೆ. ಒಳಗೆ ಮೂರು ಕಾರ್ಡು ನಿಂತಿದ್ದವು. ಹಿಂದಿನ ತೂತು ನೋಡಿದರೆ ಒಂದು ತೆರೆಯದು, ಒಂದು ಟೆಲಿಫೋನಿನದು, ಇನ್ನೊಂದು ಸೌಂಡಿನದು. ಆದರೆ ಅದರ ನಂಬರಿನ ಮೇಲೆಯೇ ಗಂಧ, ಗಂಧದ ಮೇಲೆ ಕುಂಕುಮ, ಪದರ ಪದರ! ಪ್ರತಿ ಆಯುಧಪೂಜೆಗೂ ಅವ್ವ ಮುಚ್ಚಳ ತೆಗೆಸಿ ಒಳಗೆಲ್ಲ ಬೊಟ್ಟಿಡುತ್ತಿದ್ದದ್ದು ಆಗ ನೆನಪಾಯಿತು.

"ಮೇಲಿನ ಡಬ್ಬಕ್ಕಿಟ್ರೆ ಸಾಕಾಗ್ತಿರ್ಲಿಲ್ವಾ ಅವ್ವ?" ಎಂದು ರೇಗಿದೆ.

"ಡಬ್ಬ ಏನ್ಲಾ ಗೇಯ್ತದೆ? ಕೆಲ್ಸ ಎಲ್ಲಾ ಒಳಗಿರೋವೇ ಮಾಡೋದು. ಗೇಯೋರ್ಗೆ ತಾನೆ ಬೊಟ್ಟಿಡೋದು?"

ನನ್ನ ಸಿಟ್ಟು ಅಲ್ಲೇ ನಗುವಾಯಿತು. ಕಾರ್ಡನ್ನು ಹೊರಗೆ ತೆಗೆದು, ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಲು ಹೋದರೆ ಅವ್ವ ಕಿತ್ತುಕೊಂಡಳು. "ನೀನು ಮುರ್ದಾಕ್ಬುಟ್ಟೀಯ, ಕೊಡಿಲ್ಲಿ." ಕಾರ್ಡನ್ನು ಕಣ್ಣಿಗೊತ್ತಿಕೊಂಡು ಮೆಲ್ಲಗೆ ಒರೆಸಿದಳು. ನಂಬರು ಮೂಡಿತು. ಕಾರ್ಡಿನ ಅಂಚಿನ ಹೊಂಬಣ್ಣದ ಹಲ್ಲುಗಳಿಗೂ ಇಳಿದಿದ್ದ ಕುಂಕುಮವನ್ನು ನಾನು ರಬ್ಬರಿನಿಂದ ಉಜ್ಜಿ, ಕಾರ್ಡನ್ನು ಮತ್ತೆ ಸಿಕ್ಕಿಸಿದೆ.

ಮರುದಿನ ಬಸ್ಸು ಹತ್ತಿ ಹೋಗಿ, ಗೆಳೆಯನಿಗೆ ನಂಬರು ಹೇಳಿ ಫ್ಲಾಪಿಗಳನ್ನು ತಂದೆ. ಒಂದಕ್ಕೆ ಬೂಷ್ಟು ಹಿಡಿದಿತ್ತು, ಇನ್ನೊಂದನ್ನು ಯಂತ್ರ ಗರಗರ ಎನ್ನುತ್ತ ಓದಿತು. ಆಟ ಬಂತು. ಅವ್ವ ಸೆರಗು ಸಿಕ್ಕಿಸಿ ಕೂತಳು, ಗುಂಡಿಗಳನ್ನು ಪಟಪಟ ಒತ್ತಿದಳು. ಕೊನೆಯ ಇಟ್ಟಿಗೆ ಒಡೆಯುವಾಗ ನಾನು ತೆರೆ ನೋಡಲಿಲ್ಲ, ಸ್ಪೀಕರಿಗೆ ಕಿವಿ ಕೊಟ್ಟಿದ್ದೆ. ಬಂತು ರಾಗ! ಅವ್ವ ಗುನುಗಿದ್ದಕ್ಕಿಂತ ಕೊಂಚ ಬೇಗ, ಅಷ್ಟೇ. ಖುಷಿಗೆ ಇಬ್ಬರೂ ಚಪ್ಪಾಳೆ ತಟ್ಟಿದೆವು.

ಅವ್ವ ಎದ್ದು ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದಳು. ನಾನು ತಟ್ಟನೆ ಕಂಪ್ಯೂಟರಿಗೆ ಅಡ್ಡ ನಿಂತು, "ಬ್ಯಾಡ ಕಣವ್ವ, ಕೈ ಮುಗೀತೀನಿ," ಅಂದೆ.

"ಅದ್ಕಲ್ಲ ಕಣ್ಲಾ, ಸುಮ್ನೆ ನಿಂತ್ಕೊ. ಈ ಸಲ ಗೇದೋನು ನೀನು," ಎಂದು ಆ ಒರಟು ಬೆರಳಿನಿಂದ ನನ್ನ ಹಣೆಗೆ ಬೊಟ್ಟಿಟ್ಟಳು.